ವಿಗ್ರಹಭಂಜಕ ಮಾಸ್ತರರೂ 600 ಸ್ಟಿಕ್ಕರೂ

ಆ ಶನಿವಾರ ಸಂಜೆ 6.40ಕ್ಕೆ ಫೋನ್ ಬಂದಾಗ ನಾನು ಅಂಗಡಿಯ ಚಾ ಕುಡಿಯುತ್ತಾ ಖುಷಿಯಲ್ಲಿದ್ದೆ. ಒಂದು ಸನ್ಮಾನದ ಸ್ಮರಣ ಸಂಚಿಕೆ ನಮ್ಮ ಪ್ರೆಸ್ಸಿನಲ್ಲಿ ಅಚ್ಚಾಗಿ ಮುಗಿದಿತ್ತು. 600 ಪ್ರತಿ, 64 ಪುಟ, ಪಿನ್ನಿಂಗ್ ಆಗಿ ಟ್ರಿಮ್ಮಿಂಗ್ ಕೂಡ ಆಗಿತ್ತು. ಒಂದು ಬಂಡಲ್ ಮಧ್ಯಾಹ್ನವೇ ಊರಿಗೆ ಹೋಗಿತ್ತು. ಉಳಿದದ್ದು ಬಾಗಿಲ ಹತ್ತಿರ ಕಟ್ಟಿಟ್ಟಿತ್ತು. ಕಾರ್ಯಕ್ರಮ ಮರುದಿನ ಬೆಳಿಗ್ಗೆ 10ಕ್ಕೆ, ದೇವಸ್ಥಾನದ ಸಭಾಭವನದಲ್ಲಿ.

ಸನ್ಮಾನ ಯಾರಿಗೆ ಅಂದರೆ, ಶಿರಸಿಯಿಂದ ಒಳಗೆ ಒಂದು ಹಳ್ಳಿಯ ನಿವೃತ್ತ ಮಾಸ್ತರರಿಗೆ. 75 ತುಂಬಿತ್ತು. ಹಿಂದೊಮ್ಮೆ, ಹೆಣ್ಣುಮಕ್ಕಳು ಗೆಜ್ಜೆ ಕಟ್ಟುವುದು ಅಂದರೆ ಜನ ಮೂಗು ಮುರಿಯುತ್ತಿದ್ದ ಕಾಲದಲ್ಲಿ, ಇವರು ಶಾಲೆಯ ಹುಡುಗಿಯರಿಗೆ ಯಕ್ಷಗಾನ ಕಲಿಸಿ ರಂಗಕ್ಕೆ ಹತ್ತಿಸಿದವರು. ಮನೆಯ ಕಾರ್ಯದಲ್ಲಿ ಎಲ್ಲ ಜಾತಿಯವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದವರು. ಅದೇ ಹೊತ್ತಿಗೆ ಊರ ದೇವಸ್ಥಾನದ ಮೊಕ್ತೇಸರರೂ ಹೌದು. ಈ ಕೊನೆಯ ಸಂಗತಿಗೆ ನಾನು ಗಮನ ಕೊಟ್ಟಿರಲಿಲ್ಲ.

ಮಾಸ್ತರರ ಮಗ ಹೊರದೇಶದಲ್ಲಿದ್ದಾರೆ. ಅವರು ಅಪ್ಪನ ಬಗ್ಗೆ ಇಂಗ್ಲಿಷಿನಲ್ಲಿ ಎರಡು ಪುಟ ಬರೆದು ಕಳಿಸಿದ್ದರು. ಸಮಿತಿಯವರು ಅದನ್ನು ಹಾಗೇ ನನಗೆ ದಾಟಿಸಿದರು. ‘ನೀವೇ ಕನ್ನಡ ಮಾಡಿ, ನಿಮಗೆ ಗೊತ್ತಲ್ಲ’ ಅಂತ. ನಮ್ಮ ಪ್ರೆಸ್ಸಿನಲ್ಲಿ ಡಿಟಿಪಿ ನಾನೇ, ಪ್ರೂಫ್ ನಾನೇ, ಬೇಕಾದರೆ ಅನುವಾದವೂ ನಾನೇ. ಸಂಬಳ ಮಾತ್ರ ಒಬ್ಬನದು. ಪ್ರೂಫಿಗೆ ಬೇರೆ ಜನ ಇಡೋಣ ಅಂತ ಕೇಳಿದಾಗೆಲ್ಲ ಯಜಮಾನ್ರು ‘ಕನ್ನಡ ತಾನೇ ಮಾರಾಯ, ಅದಕ್ಕೂ ಜನ ಬೇಕಾ?’ ಅಂತಾರೆ.

ಮಗ ಬರೆದ ಲೇಖನದ ಮೊದಲ ಸಾಲಲ್ಲೇ ‘ನನ್ನ ಅಪ್ಪ ಒಬ್ಬ ಐಕನೊಕ್ಲಾಸ್ಟ್’ ಅಂತ ಇತ್ತು. ಇಲ್ಲಿಂದ ನನ್ನ ಜಾಣತನ ಶುರು.

ನನಗೆ ಶಬ್ದಗಳ ಬೇರು ಹುಡುಕುವ ಚಟ. ನಿಘಂಟು ತೆಗೆದೆ. ಎರಡು ಗ್ರೀಕ್ ಪದ ಸೇರಿ ಆದದ್ದು. ಮೊದಲಿನದಕ್ಕೆ ಮೂರ್ತಿ, ಚಿತ್ರ, ಪ್ರತಿರೂಪ ಅಂತ ಅರ್ಥ. ನಮ್ಮ ಕಂಪ್ಯೂಟರಿನಲ್ಲಿ ದಿನಾ ಒತ್ತುವ ಐಕಾನ್ ಅದೇ. ಎರಡನೆಯದು ಒಡೆಯುವವ. ಈ ಶಬ್ದ ಹುಟ್ಟಿದ್ದು ಬೈಜಾಂಟೈನ್ ಸಾಮ್ರಾಜ್ಯದ ಒಂದು ದೊಡ್ಡ ಜಗಳದಲ್ಲಿ. 726ರಲ್ಲಿ ಏಜಿಯನ್ ಸಮುದ್ರದ ಥೇರಾ ದ್ವೀಪದಲ್ಲಿ ಜ್ವಾಲಾಮುಖಿ ಸಿಡಿಯಿತು. ಜನ ಸಂತರ ಚಿತ್ರಗಳನ್ನು ಪೂಜೆ ಮಾಡುವುದಕ್ಕೆ ದೇವರಿಗೆ ಸಿಟ್ಟು ಬಂದಿದೆ ಅಂತ ಚಕ್ರವರ್ತಿ ಮೂರನೇ ಲಿಯೋ ತಿಳಿದನಂತೆ. 730ರಲ್ಲಿ ಅಂಥ ಚಿತ್ರಗಳಿಗೆ ನಿಷೇಧ ಬಂತು. 787ರಲ್ಲಿ ನೈಸಿಯಾ ಪಟ್ಟಣದ ಧರ್ಮಸಭೆ ಮತ್ತೆ ಪೂಜೆಗೆ ಒಪ್ಪಿತು. 815ರಲ್ಲಿ ಮತ್ತೆ ಬೇಡ ಅಂದರು. ಕೊನೆಗೆ 843ರಲ್ಲಿ ರಾಣಿ ಥಿಯೋಡೋರಾ ಕಾಲದಲ್ಲಿ ಚಿತ್ರಗಳು ಖಾಯಂ ಆಗಿ ಚರ್ಚಿಗೆ ವಾಪಸು ಬಂದವು. ಒಟ್ಟು ನೂರು ವರ್ಷಕ್ಕೂ ಜಾಸ್ತಿ ನಡೆದ ಗಲಾಟೆ. ಅದರಲ್ಲಿ ಒಡೆಯುವ ಪಕ್ಷದವರಿಗೆ ಬಿದ್ದ ಹೆಸರು ಇದು. ‘ರೂಢಿಯನ್ನು ಪ್ರಶ್ನಿಸುವವ’ ಅನ್ನುವ ಅರ್ಥ ಇಂಗ್ಲಿಷಿನಲ್ಲಿ ಬಳಕೆಗೆ ಬಂದದ್ದು ತೀರಾ ಈಚೆಗೆ, 19ನೇ ಶತಮಾನದಲ್ಲಿ.

ಇಷ್ಟೆಲ್ಲ ಓದಿದವನು ಕೊನೆಯ ವಾಕ್ಯಕ್ಕೆ ತಾನೇ ಬೆಲೆ ಕೊಡಬೇಕಿತ್ತು? ನಾನು ಮೊದಲಿನದಕ್ಕೆ ಕೊಟ್ಟೆ. ಬೇರು ಸಿಕ್ಕಿತಲ್ಲ, ಇನ್ನೇನು ಬೇಕು ಅನ್ನಿಸಿತು. ‘ವಿಗ್ರಹಭಂಜಕ’ ಅಂತ ಟೈಪ್ ಮಾಡಿದೆ. ಶಬ್ದ ಎಷ್ಟು ಗಟ್ಟಿಯಾಗಿದೆ ಅಂತ ನನಗೇ ಮೆಚ್ಚುಗೆಯಾಗಿ ಅದನ್ನು ಮೊದಲ ಸಾಲಿನಿಂದ ತೆಗೆದು ತಲೆಬರಹಕ್ಕೇ ಏರಿಸಿದೆ. ಮೂರನೇ ಪುಟದಲ್ಲಿ ಕುಂಕುಮ ಬಣ್ಣದ ಪಟ್ಟಿಯ ಮೇಲೆ ಬಿಳಿ ಅಕ್ಷರ, 36 ಪಾಯಿಂಟ್: ‘ನಮ್ಮೂರಿನ ವಿಗ್ರಹಭಂಜಕ’. ಕೆಳಗೆ ಮಾಸ್ತರರ ಫೋಟೋ. ಕೈ ಮುಗಿದುಕೊಂಡು ನಗುತ್ತಿದ್ದಾರೆ.

ಪಿಡಿಎಫ್ ಸಮಿತಿಗೆ ಕಳಿಸಿದ್ದೆ. ಕಾರ್ಯದರ್ಶಿಯವರಿಂದ ಒಂದು ಹೆಬ್ಬೆರಳು ಬಂತು. ವಾಟ್ಸಾಪಿನ ಹೆಬ್ಬೆರಳು ಅಂದರೆ ‘ಓದಿದೆ’ ಅಂತಲ್ಲ, ‘ಫೈಲ್ ಬಂತು’ ಅಂತ. ನನಗದು ಗೊತ್ತು. ಗೊತ್ತಿದ್ದೂ ಅಚ್ಚಿನ ಪ್ಲೇಟ್ ಮಾಡಿಸಲು ಹುಬ್ಬಳ್ಳಿಗೆ ಕಳಿಸಿದೆ.

ಫೋನ್ ಮಾಡಿದ್ದು ಮಾಸ್ತರರ ಹೆಂಡತಿ. ಬೈಯಲಿಲ್ಲ. ತಣ್ಣಗೆ ಕೇಳಿದರು: “ತಮಾ, ನಮ್ಮನೆಯವರು ಯಾವ ದೇವರ ಮೂರ್ತಿ ಒಡೆದ್ರು ಅಂತ ಕೇಳಲೆ ಫೋನ್ ಮಾಡಿದ್ದು.”

ಆಗಲೇ ಕ್ಷಮಿಸಿ ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ನಾನು ವಿವರಿಸಲು ಹೋದೆ. “ಅಮ್ಮಾ, ಅದು ಗ್ರೀಕ್ ಶಬ್ದ...” ಅಂತ ಶುರು ಮಾಡಿ ಚಕ್ರವರ್ತಿ ಲಿಯೋ ತನಕ ಹೋದೆ. ಅವರು ಪೂರ್ತಿ ಕೇಳಿಸಿಕೊಂಡರು. ನಾನು ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, “ಹೌದನ? ಹಂಗಾರೆ ನಾಳೆ ಬಂದು ಊರವರಿಗೂ ಇದನ್ನೇ ಹೇಳ್ತ್ಯ?” ಅಂದರು. ಫೋನ್ ಇಟ್ಟರು.

ಅದರ ಬೆನ್ನಿಗೇ ಕಾರ್ಯದರ್ಶಿಯ ಫೋನ್. ಆಗ ಪೂರ್ತಿ ಕಥೆ ತಿಳಿಯಿತು. ಸುಮಾರು ವರ್ಷಗಳ ಹಿಂದೆ ಆ ಊರ ದೇವಸ್ಥಾನದ ಹಳೇ ಶಿಲಾಮೂರ್ತಿ ಭಿನ್ನವಾಗಿತ್ತು. ಹೊಸದು ತಂದು ಪುನಃಪ್ರತಿಷ್ಠೆ ಮಾಡಿದರು. ಖರ್ಚಿಗೆ ಊರೂರು ತಿರುಗಿದವರು ಇದೇ ಮಾಸ್ತರರು. ಆದರೆ ಬಿರುಕು ಕಂಡದ್ದು ಅವರು ನಿಂತು ಗರ್ಭಗುಡಿಯ ನೆಲ ಎಬ್ಬಿಸಿದ ವರ್ಷ. ಮಾಸ್ತರರ ಗಡಿಬಿಡಿಯಿಂದಲೇ ಮೂರ್ತಿ ಒಡೆಯಿತು ಅಂತ ನಾಲ್ಕು ಮನೆಯವರು ಅವತ್ತಿಂದ ಗುಸುಗುಸು ಮಾಡುತ್ತಾ ಬಂದಿದ್ದಾರೆ. ಆ ನಾಲ್ಕು ಮನೆಯವರೂ ನಾಳೆ ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಕೈಯಲ್ಲಿ ನಮ್ಮ ಸಂಚಿಕೆ. ಅದರಲ್ಲಿ ಅಚ್ಚಾದ ಸಾಕ್ಷಿ, 36 ಪಾಯಿಂಟಿನಲ್ಲಿ.

ಚಾ ತಣ್ಣಗಾಯಿತು.

ಆ ಪುಟಗಳನ್ನು ಹೊಸದಾಗಿ ಅಚ್ಚು ಹಾಕುವ ಮಾತೇ ಇಲ್ಲ. ಹುಬ್ಬಳ್ಳಿಯಿಂದ ಪ್ಲೇಟ್ ಬಸ್ಸಿಗೆ ಬರುವಷ್ಟರಲ್ಲಿ ಸನ್ಮಾನ ಮುಗಿದು ಊಟದ ಎಲೆ ಎತ್ತಿರುತ್ತಾರೆ. ಸ್ಟಿಕ್ಕರ್ ಒಂದೇ ದಾರಿ. ಸ್ಟೇಷನರಿ ಅಂಗಡಿ ಮುಚ್ಚಿತ್ತು. ಅವರ ಮನೆಗೆ ಹೋಗಿ ಬಾಗಿಲು ಬಡಿದೆ. ಇದ್ದದ್ದು 40 ಹಾಳೆ. ತಲೆಬರಹ ಪೂರ್ತಿ ಮುಚ್ಚುವ ಅಳತೆಗೆ ಒಂದು ಹಾಳೆಯಲ್ಲಿ 11 ಪಟ್ಟಿ ಮಾತ್ರ ಕೂರುತ್ತಿತ್ತು. 440 ಆಯಿತು. ಪಟ್ಟಿ ಕಿರಿದು ಮಾಡಿ ಹಾಳೆಗೆ 15 ಕೂರಿಸಿದೆ. ಸರಿಯಾಗಿ 600. ಹಾಳಾಗಲು ಒಂದೂ ಇಲ್ಲ.

ಪಟ್ಟಿ ಸಿದ್ಧ. ಅದರಲ್ಲಿ ಬರೆಯುವುದು ಏನು?

ಮಷಿನ್ ನಡೆಸುವ ನಾಯ್ಕರು, ಬೈಂಡಿಂಗಿನ ಅಕ್ಕ, ನಾನು ಮೂವರೂ ಕಟಿಂಗ್ ಟೇಬಲ್ ಸುತ್ತ ಕೂತೆವು. ‘ಸಂಪ್ರದಾಯಭಂಜಕ’ ಅಂದೆ. “ಆ ಭಂಜಕ ಬಿಡಿ ಮೊದಲು” ಅಂದಳು ಅಕ್ಕ. ‘ಬಂಡಾಯಗಾರ’ ಆಗಬಹುದಾ? ಬಂಡು ಅಂದರೆ ದಂಗೆ. 1857ರ ಹಲಗಲಿ ಬೇಡರ ಬಂಡು ನೆನಪಾಗುತ್ತದೆ. 1979ರಿಂದ ಸಾಹಿತ್ಯದಲ್ಲೂ ಬಂಡಾಯ ಗೌರವದ ಶಬ್ದ. ಆದರೆ ನಾಯ್ಕರು ಎಷ್ಟೋ ಚುನಾವಣೆಯ ಕರಪತ್ರ ಹೊಡೆದವರು. “ಟಿಕೆಟ್ ಸಿಗದವರಿಗೆ ಅಲ್ವಾ ಬಂಡಾಯ ಅನ್ನೋದು?” ಅಂದರು. ‘ಕ್ರಾಂತಿಕಾರಿ’ ಅಂದರೆ ಮಾಸ್ತರರೇ ನಗುತ್ತಾರೆ. ‘ಹಾದಿ ಬಿಟ್ಟು ನಡೆದವರು’ ಚೆನ್ನಾಗಿದೆ ಅನ್ನಿಸಿ ಟೈಪ್ ಕೂಡ ಮಾಡಿದೆ. ಅಕ್ಕ ಜೋರಾಗಿ ಓದಿದಳು. ಮೂವರೂ ಸುಮ್ಮನಾದೆವು. ಹಾದಿ ಬಿಟ್ಟವರು ಅಂದರೆ ನಮ್ಮ ಕಡೆ ಏನರ್ಥ ಅಂತ ಗೊತ್ತಲ್ಲ.

ಇಂಗ್ಲಿಷಿನಲ್ಲಿ ಇಂಥವರಿಗೆ ಮ್ಯಾವರಿಕ್ ಅಂತ ಇನ್ನೊಂದು ಶಬ್ದ ಇದೆ. ಅಮೆರಿಕದ ಟೆಕ್ಸಾಸಿನಲ್ಲಿ ಸ್ಯಾಮ್ಯುಯೆಲ್ ಮ್ಯಾವರಿಕ್ ಅಂತ ಒಬ್ಬ ಇದ್ದ. ಎಲ್ಲರೂ ದನಗಳಿಗೆ ಬರೆ ಹಾಕಿ ಗುರುತು ಮಾಡುತ್ತಿದ್ದರೆ ಇವನು ತನ್ನ ಕರುಗಳಿಗೆ ಹಾಕಿಸಲಿಲ್ಲ. ಹಾಗೆ ಗುರುತಿಲ್ಲದೆ ತಿರುಗುವ ದನಕ್ಕೆ ಅವನ ಹೆಸರೇ ಅಂಟಿತು. ಆಮೇಲೆ ಯಾರ ಹಿಂಡಿಗೂ ಸೇರದ ಮನುಷ್ಯರಿಗೂ ಬಂತು. ಮಗ ಆ ಶಬ್ದ ಬರೆದಿದ್ದರೆ? ನನ್ನ ಬೇರಿನ ಚಟಕ್ಕೆ ‘ನಮ್ಮೂರಿನ ಬಿಡಾಡಿ ದನ’ ಅಂತ ಅಚ್ಚಾಗಿರುತ್ತಿತ್ತು. ಇದನ್ನು ಹೇಳಿದಾಗ ರಾತ್ರಿ 9 ಗಂಟೆ. ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನಗೆ ನಗು ಬರಲಿಲ್ಲ.

ದಾರಿ ತೋರಿಸಿದ್ದು ನಾಯ್ಕರು. ಅವರು ಇಂಕ್ ರೋಲರ್ ಒರೆಸುತ್ತಾ ಹೇಳಿದರು: “ನಮ್ಮ ಮಾರಿಕಾಂಬೆಗೆ ಮೊದಲು ಕೋಣ ಕಡೀತಿದ್ರು. ಗಾಂಧೀಜಿ ಶಿರಸಿಗೆ ಬಂದ ಕಾಲಕ್ಕೆ ಅದು ನಿಂತ್ತು. ನಿಲ್ಲಿಸಿದವರು ಏನು ಒಡೆದ್ರು? ಅಮ್ಮ ಅಲ್ಲೇ ಇದಾಳೆ. ಎರಡು ವರ್ಷಕ್ಕೊಮ್ಮೆ ಜಾತ್ರೆ ಆಗ್ತದೆ.”

ಗಾಂಧೀಜಿ ಬಂದದ್ದು 1934ರಲ್ಲಿ. ಆ ಬಲಿ ನಿಂತದ್ದನ್ನು ಊರಲ್ಲಿ ಯಾರೂ ‘ಮುರಿದರು’ ಅನ್ನುವುದನ್ನು ನಾನು ಕೇಳಿಲ್ಲ. ಚೌತಿಯ ಗಣಪತಿಯನ್ನೇ ನೋಡಿ. ನಾವೇ ತಂದು, ನಾವೇ ಪೂಜಿಸಿ, ನಾವೇ ನೀರಿಗೆ ಬಿಟ್ಟು ಕರಗಿಸುತ್ತೇವೆ. ಮೂರ್ತಿ ಹೋಗುವುದು ನಮಗೆ ದೊಡ್ಡ ಸಂಗತಿ ಅಲ್ಲ, ಯಾರು ಯಾಕೆ ಹೇಗೆ ಅನ್ನುವುದು ದೊಡ್ಡದು. ಗ್ರೀಕರ ಜಗಳದ ಶಬ್ದವನ್ನು ನಮ್ಮ ಹಳ್ಳಿಯ ಮಾಸ್ತರರ ತಲೆಗೆ ಕಟ್ಟಿದರೆ ಅದು ಕೂರುವುದಾದರೂ ಹೇಗೆ?

‘ಕಟ್ಟುಪಾಡು ಮುರಿದ ಮಾಸ್ತರರು’ ಅಂತ ಟೈಪ್ ಮಾಡಿದೆ. ನೋಡುತ್ತಾ ಕೂತೆ. ಮುರಿ ತೆಗೆದು ಮೀರು ಮಾಡಿದೆ. ಒಂದು ಕೊಂಬು ಹೋಗಿ ಒಂದು ದೀರ್ಘ ಬಂತು, ಅಷ್ಟೇ. ‘ಕಟ್ಟುಪಾಡು ಮೀರಿದ ಮಾಸ್ತರರು’. ಮುರಿದರೆ ಎರಡು ತುಂಡು ಬೀಳುತ್ತದೆ. ಮೀರಿದರೆ ಕಟ್ಟು ಅಲ್ಲೇ ಇರುತ್ತದೆ, ಮನುಷ್ಯ ಅದರಾಚೆ ಇರುತ್ತಾನೆ. ಯಕ್ಷಗಾನದವರಿಗೆ ಪಾಡು ಅಂದರೆ ಹಾಡು ಕೂಡ ಹೌದಲ್ಲ ಅಂತ ಒಳಗೊಳಗೇ ಖುಷಿಯಾಯಿತು. ಅವತ್ತು ರಾತ್ರಿ ಆ ಖುಷಿಗೆ ನನಗೆ ಹಕ್ಕು ಇರಲಿಲ್ಲ.

ಅಷ್ಟರಲ್ಲಿ ‘ನುಡಿ’ ತಂತ್ರಾಂಶದ ಅಕ್ಷರದಿಂದ ಯೂನಿಕೋಡಿಗೆ ಹಾಕಿದ್ದು ಕೈಕೊಟ್ಟಿತು, ಒತ್ತಕ್ಷರವೆಲ್ಲ ಚೌಕ ಚೌಕ. ಮತ್ತೆ ಟೈಪ್ ಮಾಡಿದೆ. ನಮ್ಮ ಪ್ರಿಂಟರಿನಲ್ಲಿ ಕುಂಕುಮ ಬಣ್ಣ ಹುರಿದ ಕಾಫಿ ಬೀಜದ ಬಣ್ಣವಾಗಿ ಬಂತು. ಟೋನರ್ ಬದಲಿಸಿ ಅಂತ ಎರಡು ತಿಂಗಳಿಂದ ಹೇಳುತ್ತಿದ್ದೇನೆ, ಬಿಡಿ. ಅಂಟಿಸುವುದು ಮುಗಿದಾಗ ಬೆಳಗಿನ ಜಾವ 3.15. ಊರಿಗೆ ಹೋಗಿದ್ದ ಬಂಡಲ್ಲನ್ನು ಕಾರ್ಯದರ್ಶಿಯವರು ಬೈಕಿನಲ್ಲಿ ವಾಪಸು ತಂದಿದ್ದರು. ಬಂದವರು ಇಡೀ ರಾತ್ರಿ ಒಂದು ಮಾತಾಡದೆ ನಮ್ಮ ಜೊತೆ ಅಂಟಿಸಿದರು. ಅವರ ಹೆಬ್ಬೆರಳಿಗೆ ಆ ರಾತ್ರಿ ಸರಿಯಾದ ಕೆಲಸ ಸಿಕ್ಕಿತು.

ಕಾರ್ಯಕ್ರಮಕ್ಕೆ ನಾನೂ ಹೋದೆ. ಕೊನೆಯ ಸಾಲಿನಲ್ಲಿ ಕೂತೆ. ಹುಡುಗಿಯರಾಗಿದ್ದಾಗ ಮಾಸ್ತರರ ಹತ್ತಿರ ಕಲಿತ ನಾಲ್ವರು ಈಗ ಐವತ್ತು ದಾಟಿದವರು, ವೇದಿಕೆಗೆ ಬಂದು ಹೆಜ್ಜೆ ಹಾಕಿದರು. ಮುಂದಿನ ಸಾಲಿನವರು ಮೂರನೇ ಪುಟ ತೆರೆದರು, ಮಗುಚಿದರು. ಯಾರೂ ಏನೂ ಅನ್ನಲಿಲ್ಲ. ಉಸಿರು ಬಿಟ್ಟೆ.

ಊಟದ ಹೊತ್ತಿಗೆ ಮಾಸ್ತರರೇ ನನ್ನನ್ನು ಕರೆದರು. ಸಂಚಿಕೆ ಕೈಯಲ್ಲಿತ್ತು. ಕನ್ನಡಕ ಮೇಲೆ ಮಾಡಿ ಪುಟವನ್ನು ಕಣ್ಣಿನ ಹತ್ತಿರ ಹಿಡಿದರು. ಪಟ್ಟಿ ಕಿರಿದು ಮಾಡಿದ್ದೆನಲ್ಲ, ಅದರ ಕೆಳಗೆ ಹಳೇ ತಲೆಬರಹದ ಒಂದು ಚೂರು ಬೆಳ್ಳಗೆ ಇಣುಕುತ್ತಿತ್ತು.

“ತಮಾ, ಮೀರಿದ ಮಾಸ್ತರರು ಅನ್ನೋದ್ರಲ್ಲಿ ಎಲ್ಲೂ ಕ್ರಾವಡಿ ಇಲ್ಲ” ಅಂದರು. “ಇಲ್ಲೊಂದು ಬಾಲ ಕಾಣ್ತಲ್ಲ, ಇದು ಯಾವ ಶಬ್ದದ್ದು?”

ನಾನು ಬಾಯಿ ತೆರೆಯುವ ಮೊದಲೇ ಅವರು ಉಗುರಿನಿಂದ ಸ್ಟಿಕ್ಕರಿನ ಮೂಲೆ ಎಬ್ಬಿಸಿದ್ದರು. ಓದಿದರು. ಮೈ ಕುಲುಕಿಸಿ ನಕ್ಕರು. ಆಮೇಲೆ ಸುತ್ತ ನೋಡಿ, ನಾಲ್ಕು ಮನೆಯವರು ಬಡಿಸುವ ಕಡೆ ಇದ್ದಾರೆ ಅಂತ ಖಾತ್ರಿ ಮಾಡಿಕೊಂಡು, ಸ್ಟಿಕ್ಕರನ್ನು ಜಾಗ್ರತೆಯಿಂದ ವಾಪಸು ಅಂಟಿಸಿ ಹೆಬ್ಬೆರಳಿಂದ ಒತ್ತಿದರು. “ಇದೊಂದು ಪ್ರತಿ ಮಗನಿಗೆ ಕಳಿಸ್ತೆ” ಅಂದರು.

ಸ್ಟಿಕ್ಕರ್ ಹಾಳೆ, ಟೋನರ್, ರಾತ್ರಿಯ ಕರೆಂಟು ಎಲ್ಲ ಸೇರಿ 2,100 ರೂಪಾಯಿ ಅಂತ ಯಜಮಾನ್ರು ಲೆಕ್ಕ ಹಾಕಿದ್ದಾರೆ. ನನ್ನ ಸಂಬಳದಲ್ಲಿ ಎರಡು ಕಂತು. ಒಂದು ಮುಗಿದಿದೆ. ಪ್ರೂಫಿಗೆ ಜನ ಇನ್ನೂ ಬಂದಿಲ್ಲ. ಈಗ ಅನುವಾದದ ಕೆಲಸ ಬಂದರೆ ನಿಘಂಟಿಗಿಂತ ಮೊದಲು ಬರೆದವರಿಗೆ ಫೋನ್ ಮಾಡುತ್ತೇನೆ. ಆ ಫೋನಿನ ಬಿಲ್ಲೂ ನನ್ನದೇ.