ರೇಟು ಕೇಳಿದ್ದೆ, ಆವಕ ಕೇಳಿರ್ಲಿಲ್ಲ

ಹೋದ ವರ್ಷ ಜುಲೈ ಕೊನೇ ವಾರದ ಮಾತು. ನಮ್ಮನೆ ಶಿರಸಿಯಿಂದ ಹದಿನೆಂಟು ಕಿಲೋಮೀಟರ್ ಒಳಗೆ, ಮಳೆಗಾಲದಲ್ಲಿ ಕರೆಂಟು ಹೋದ್ರೆ ಯಾವಾಗ ಬರುತ್ತೆ ಹೇಳಕ್ಕಾಗಲ್ಲ, ಟವರಿನ ಬ್ಯಾಟರಿ ಮುಗೀತಂದ್ರೆ ಸಿಗ್ನಲ್ಲೂ ಇಲ್ಲ. ಅದಕ್ಕೇ ನಾನು ಶೇರಲ್ಲಿ ಸ್ವಿಂಗ್ ಟ್ರೇಡಿಂಗ್ ಹಿಡ್ಕೊಂಡಿದ್ದು. ಆವತ್ತೇ ತಗೊಂಡು ಆವತ್ತೇ ಮಾರೋ ಇಂಟ್ರಾಡೇ ತರ 9:15ರಿಂದ 3:30ರ ತನಕ ಸ್ಕ್ರೀನ್ ಮುಂದೆ ಕೂರಬೇಕಿಲ್ಲ, ರಾತ್ರಿ ಚಾರ್ಟ್ ನೋಡಿ ಬೆಳಿಗ್ಗೆ ಆರ್ಡರ್ ಹಾಕಿ ತೋಟಕ್ಕೆ ಇಳಿಯಬಹುದು, ವಾರವೋ ಮೂರು ವಾರವೋ ಇಟ್ಕೊಂಡು ಮಾರಿದ್ರಾಯ್ತು. ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾರಿದ ದುಡ್ಡಲ್ಲಿ 2 ಲಕ್ಷ ಇದಕ್ಕೇ ಅಂತ ಬೇರೆ ಇಟ್ಟಿದ್ದೆ.

ಭಾನುವಾರ ರಾತ್ರಿ ಒಂದು ಶೇರು ಕಣ್ಣಿಗೆ ಬಿತ್ತು. ಎರಡು ತಿಂಗಳಿಂದ ಇಳಿದು ಇಳಿದು 840ರ ಹತ್ರ ಬಂದಿತ್ತು. ಚಾರ್ಟಿನ ಸೂಚಕಗಳನ್ನ ನೋಡಿದೆ: ಆರ್‌ಎಸ್‌ಐ 28ಕ್ಕೆ ಹೋಗಿ 34ಕ್ಕೆ ತಿರುಗಿತ್ತು, ಎಂಎಸಿಡಿ ಗೆರೆ ಸಿಗ್ನಲ್ ಗೆರೆಯನ್ನ ಕೆಳಗಿಂದ ದಾಟಿತ್ತು, ಸ್ಟೊಕಾಸ್ಟಿಕ್ಕು 20ರ ಕೆಳಗಿಂದ ಎದ್ದಿತ್ತು, ಬೋಲಿಂಜರ್ ಬ್ಯಾಂಡಿನ ಕೆಳಗಿನ ಗೆರೆ ಮುಟ್ಟಿ ಒಳಗೆ ಬಂದಿತ್ತು, ಎಡಿಎಕ್ಸ್ 31, ಅಂದ್ರೆ ಟ್ರೆಂಡಲ್ಲಿ ಜೋರಿದೆ. ಬೆಲೆ ಏರುತ್ತಾ ಅಂದ್ರೆ ಐದಕ್ಕೆ ಐದೂ ಹೌದು ಅಂತಿವೆ, ಇನ್ನೇನು ಬೇಕು ಅಂತ ಸೋಮವಾರ ಬೆಳಿಗ್ಗೆ 842ಕ್ಕೆ 60 ಶೇರು ತಗೊಂಡೆ. ಎಟಿಆರ್, ಅಂದ್ರೆ ದಿನಕ್ಕೆ ಬೆಲೆ ಸರಾಸರಿ ಎಷ್ಟು ಅಲ್ಲಾಡುತ್ತೆ ಅನ್ನೋ ಲೆಕ್ಕ, 18 ಇತ್ತು, ಅದರ ಒಂದೂವರೆ ಪಟ್ಟು ಕೆಳಗೆ, 815ಕ್ಕೆ ಬಂದ್ರೆ ಬಿಟ್ಬಿಡೋದು ಅಂತ ಲೆಕ್ಕ. ಆದ್ರೆ ಲೆಕ್ಕ ಮನಸಲ್ಲೇ ಇತ್ತು, ಬೆಲೆ ಅಲ್ಲಿಗೆ ಬಂದ್ರೆ ತಾನಾಗೇ ಮಾರೋ ಜಿಟಿಟಿ ಆರ್ಡರ್ ಹಾಕಿರ್ಲಿಲ್ಲ. ಸಂಜೆ ಹಾಕಿದ್ರಾಯ್ತು ಅಂದ್ಕೊಂಡು ಮರೆತೆ.

ಮಂಗಳವಾರ ಮಳೆ ಬಿಟ್ಟು ಹೊಳವಾಯ್ತು. ಹೊಳ ಸಿಕ್ಕಾಗ ಮದ್ದು ಹೊಡೀದಿದ್ರೆ ಅಡಿಕೆಗೆ ಕೊಳೆರೋಗ ಬಿಡಲ್ಲ, ಬೆಳಿಗ್ಗೆ ಆರಕ್ಕೇ ಬೋರ್ಡೋ ಮದ್ದು ಕಲಸಕ್ಕೆ ಶುರು. ನೂರು ಲೀಟರಿಗೆ ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ. ಕಲಸಿದ್ಮೇಲೆ ಅಪ್ಪಯ್ಯ ಹೊಳಪಿರೋ ಚಾಕು ಅದ್ದಿ ಸ್ವಲ್ಪ ಹೊತ್ತು ಇಟ್ಟು ತೆಗೆದ, ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿತ್ತು. ಬಣ್ಣ ನೋಡಿದ್ರೆ ನೀಲಿ ಸರಿಯಾಗೇ ಇತ್ತು, ಅಳತೆನೂ ಸರಿ ಇತ್ತು, ಆದ್ರೂ ಸುಣ್ಣ ಸಾಲದು, ಈಗ್ಲೇ ಹೊಡೀಬೇಡ ಅಂತ ಚಾಕು ಹೇಳ್ತು. ಇನ್ನೊಂದು ಬೊಗಸೆ ಸುಣ್ಣದ ತಿಳಿ ಹಾಕಿ ಮತ್ತೆ ಅದ್ದಿ, ಅಲಗು ಬೆಳ್ಳಗೇ ಬಂದ್ಮೇಲೇ ಕೊನೆಗೌಡನಿಗೆ ಮರ ಹತ್ತಕ್ಕೆ ಹೇಳಿದ್ದು. ಆವತ್ತು ಫೋನ್ ನೋಡಕ್ಕೆ ಪುರುಸೊತ್ತಾಗ್ಲಿಲ್ಲ.

ಬುಧವಾರ ಬೆಳಿಗ್ಗೆ ಗಾಳಿ ಮಳೆ, ಕರೆಂಟು ಹೋಯ್ತು, ಮಧ್ಯಾಹ್ನದೊಳಗೆ ಸಿಗ್ನಲ್ಲೂ ಹೋಯ್ತು. ಗುರುವಾರ ಪೂರ್ತಿ ಹಾಗೇ. ಶುಕ್ರವಾರ ಕಂಬಳಿಕೊಪ್ಪೆ ಹಾಕ್ಕೊಂಡು ಬೆಟ್ಟದ ತಲೆಗೆ ಹೋಗಿ ನಿಂತ್ರೆ ಎರಡು ಗೆರೆ ಸಿಗ್ನಲ್ ಸಿಕ್ತು. ಶೇರು 771. ಬುಧವಾರ ನಿಧಾನಕ್ಕೆ 815 ದಾಟಿ 808ಕ್ಕೆ ನಿಂತಿದೆ, ಸಂಜೆ ಕಂಪನಿ ರಿಸಲ್ಟು ಬಂದಿದೆ, ಗುರುವಾರ ಓಪನ್ ಆಗಿದ್ದೇ 774ಕ್ಕೆ. ಅಲ್ಲೇ ಮಾರಿದೆ. 4,260 ರೂಪಾಯಿ ಹೋಯ್ತು, ಚಾರ್ಜು ಬೇರೆ. ಜಿಟಿಟಿ ಇದ್ದಿದ್ರೆ ಬುಧವಾರವೇ 1,620ರ ಆಸುಪಾಸಲ್ಲಿ ಮುಗೀತಿತ್ತು.

ಸ್ಟಾಪ್ ಲಾಸ್, ಅಂದ್ರೆ ನಷ್ಟ ಇಷ್ಟಕ್ಕೇ ನಿಲ್ಲಲಿ ಅನ್ನೋ ಆರ್ಡರ್, ಹಾಕದೇ ಇದ್ದದ್ದು ಯಾರಿಗಾದ್ರೂ ಕಾಣೋ ತಪ್ಪು, ರಿಸಲ್ಟ್ ತಾರೀಕು ನೋಡದೇ ಇದ್ದದ್ದೂ ತಪ್ಪೇ. ನಂಗೆ ಬೇಜಾರಾಗಿದ್ದು ಐದೂ ಹೌದು ಅಂದಿದ್ವಲ್ಲ, ಅದು ಹೇಗೆ ಅಂತ. ಅದು ಗೊತ್ತಾಗಿದ್ದು ಶನಿವಾರ. ಫೋನ್ ಸರಿಯಾಗಿದ್ದೇ ಅಪ್ಪಯ್ಯ ಮಂಡಿಯವ್ರ ಹತ್ರ ಮಾತಾಡ್ತಾ ಇದ್ದ, ಚಾಲಿ ರೇಟು ಸ್ವಲ್ಪ ಏರಿದೆಯಂತೆ. ಹಾಗಾದ್ರೆ ಕೊಡಬಹುದಲ್ಲ, ನಾನೂ ಇನ್ನಿಬ್ಬರ ಹತ್ರ ಕೇಳ್ದೆ, ಅವ್ರೂ ಅದೇ ಹೇಳಿದ್ರು ಅಂದೆ. "ಅವ್ವೂ ಆ ಮಂಡಿಯವ್ರನ್ನೇ ಕೇಳಿದ್ದಿಕ್ಕು ತಮಾ. ರೇಟೊಂದೇ ಕೇಳಿರೆ ಎಂತಾ ಗೊತ್ತಾಗ್ತು, ಆವಕ ಎಷ್ಟಿದ್ದು ಕೇಳವು" ಅಂದ. ಆವಕ ಅಂದ್ರೆ ಮಾರಾಟಕ್ಕೆ ಬಂದ ಮಾಲು. ಟೆಂಡರಿಗೆ ಮಾಲೇ ಬಂದಿರ್ಲಿಲ್ವಂತೆ, ನಾಲ್ಕು ಚೀಲಕ್ಕೆ ಏರಿದ ರೇಟು.

ನಾನು ಎದ್ದು ಹೋಗಿ ಚಾರ್ಟ್ ತೆಗೆದೆ. ಆರ್‌ಎಸ್‌ಐ ಅಂದ್ರೆ 14 ದಿನದ ಏರಿಳಿತದ ಲೆಕ್ಕ, ಎಂಎಸಿಡಿ ಅಂದ್ರೆ 12 ಮತ್ತೆ 26 ದಿನದ ಆವರೇಜುಗಳ ವ್ಯತ್ಯಾಸ, ಬೋಲಿಂಜರ್ ಅಂದ್ರೆ 20 ದಿನದ ಆವರೇಜು, ಅದರ ಆಚೀಚೆ ಎರಡು ಗೆರೆ, ಸ್ಟೊಕಾಸ್ಟಿಕ್ಕೂ ಇತ್ತೀಚಿನ ದಿನಗಳ ಬೆಲೆಯದ್ದೇ. ಎಲ್ಲ ಅದೇ ಬೆಲೆಯಿಂದ ಹುಟ್ಟಿದ್ದು! ಎರಡು ದಿನ ಬೆಲೆ ಸ್ವಲ್ಪ ಎದ್ರೆ ನಾಲ್ಕೂ ಒಟ್ಟಿಗೇ ಏಳ್ತವೆ, ನಾನು ಒಬ್ಬನನ್ನೇ ನಾಲ್ಕು ಸಲ ಕೇಳಿ ನಾಲ್ಕು ಸಾಕ್ಷಿ ಅಂತ ಎಣಿಸಿದ್ದೆ. ಎಡಿಎಕ್ಸ್ ವಿಷಯ ಇನ್ನೂ ಕಷ್ಟದ್ದು. 1978ರಲ್ಲಿ ಆರ್‌ಎಸ್‌ಐ ಕೊಟ್ಟ ವೈಲ್ಡರ್ ಅವರೇ ಇದನ್ನೂ ಕೊಟ್ಟಿದ್ದು, ಇದು ಟ್ರೆಂಡಿನ ಜೋರು ಮಾತ್ರ ಹೇಳುತ್ತೆ, ದಿಕ್ಕು ಹೇಳಲ್ಲ. ದಿಕ್ಕಿಗೆ ಏರೋದರ ಜೋರು ಹೇಳೋ ಪ್ಲಸ್ ಡಿಐ, ಇಳಿಯೋದರ ಜೋರು ಹೇಳೋ ಮೈನಸ್ ಡಿಐ ನೋಡಬೇಕು. ನನ್ನ ಶೇರಲ್ಲಿ ಮೈನಸ್ ಡಿಐ ಮೇಲಿತ್ತು, ಅಂದ್ರೆ ಆ 31 ಇಳಿಯೋದರ ಜೋರು. ಬೆಲೆ 200 ದಿನದ ಆವರೇಜಿನ ಕೆಳಗಿತ್ತು, ಆ ಗೆರೆಯೂ ಕೆಳಮುಖ. ವಾಲ್ಯೂಮು, ಅಂದ್ರೆ ಆವತ್ತು ಎಷ್ಟು ಶೇರು ಕೈ ಬದಲಾಯ್ತು ಅನ್ನೋದು, ಬೆಲೆ ಬಿದ್ದ ದಿನಗಳಲ್ಲೆಲ್ಲ ಉದ್ದ ಕಡ್ಡಿ, ಎದ್ದ ಎರಡು ದಿನ ಆವರೇಜಿನ ಅರ್ಧವೂ ಇಲ್ಲ. ಆವಕ ಇಲ್ಲದ ರೇಟು ಅಂದ್ರೆ ಇದೇ.

ಆವತ್ತೇ ಸ್ಟೊಕಾಸ್ಟಿಕ್ಕು, ಎಂಎಸಿಡಿ ಎರಡೂ ತೆಗೆದೆ. ಈಗ ದಿಕ್ಕಿಗೆ 200 ದಿನದ ಗೆರೆ, ಸಮಯಕ್ಕೆ ಆರ್‌ಎಸ್‌ಐ, ಜನ ನಿಜವಾಗ್ಲೂ ತಗೋತಿದಾರಾ ಅನ್ನಕ್ಕೆ ವಾಲ್ಯೂಮು, ಸ್ಟಾಪ್ ಎಲ್ಲಿಡಬೇಕು ಅನ್ನಕ್ಕೆ ಎಟಿಆರ್, ಇಷ್ಟೇ. ಒಂದೊಂದಕ್ಕೂ ಬೇರೆ ಬೇರೆ ಕೆಲಸ. ಶೇರು ತಗೊಂಡ ಮೇಲೆ ಜಿಟಿಟಿ ಹಾಕದೇ ಕುರ್ಚಿ ಬಿಟ್ಟು ಏಳಲ್ಲ, ದೊಡ್ಡ ಗ್ಯಾಪ್ ಬಿದ್ರೆ, ಅಂದ್ರೆ ಆ ಗುರುವಾರದ ತರ ಓಪನ್ನೇ ತುಂಬಾ ಕೆಳಗಾದ್ರೆ, ಅದೂ ಕೈ ಕೊಡಬಹುದು, ಆದ್ರೂ ಹಾಕ್ತೀನಿ.

ಅಪ್ಪಯ್ಯ ಆ ವಾರ ಚಾಲಿ ಕೊಡ್ಲಿಲ್ಲ. ಸೆಪ್ಟೆಂಬರಲ್ಲಿ ಅದೇ ಶೇರಿನ ಆರ್‌ಎಸ್‌ಐ ಮತ್ತೆ 30ರಿಂದ ತಿರುಗಿತು, ನಾನು ವಾಲ್ಯೂಮಿನ ಕಡ್ಡಿ ನೋಡಿ ಲ್ಯಾಪ್‌ಟಾಪ್ ಮುಚ್ಚಿ, ಎರಡನೇ ಮದ್ದಿಗೆ ಸುಣ್ಣ ನೆನೆಹಾಕಕ್ಕೆ ಹೋದೆ.