ಬಣ್ಣ ಹಚ್ಚಿದ್ರ ಅಷ್ಟ ಪಗಾರ

ನಿನ್ನೆ ಗದಗ ಬಸ್ ಸ್ಟ್ಯಾಂಡಿನಾಗ ನಮ್ಮ ಓಣಿ ಕಾಕಾ ಸಿಕ್ಕಿದ್ರು, ನಾಟಕ ಕಂಪನಿಯೊಳಗ ಹಾಸ್ಯ ಪಾತ್ರ ಮಾಡ್ತಿದ್ರಲ್ಲ ಅವ್ರು, ಕೈಯಾಗ ಗುಳಿಗಿ ಚೀಲ. ಬನಶಂಕರಿ ಜಾತ್ರಿ ಟೈಮಿನಾಗ ಜ್ವರ ಬಂದು ಎಂಟು ದಿನ ಮಲಗಿದ್ರಂತ, ಎದ್ದು ಹೋಗೂದ್ರಾಗ ಇವ್ರ ಪಾತ್ರ ಬ್ಯಾರೆಯವ್ರು ಮಾಡಾಕತ್ತಿದ್ರಂತ. ಬಣ್ಣ ಹಚ್ಚಲಿಲ್ಲ ಅಂದ್ರ ಆ ದಿನದ ರೊಕ್ಕ ಇಲ್ಲ, ಸಿಕ್ ಲೀವ್ ಎಲ್ಲಿಂದ ಬರಬೇಕ್ರಿ.

ದೊಡ್ಡವ್ರ ಕತಿನೂ ಏನ್ ಬ್ಯಾರೆ ಇಲ್ಲ ಬಿಡ್ರಿ, 2022ರಾಗ ಸಿನಿಮಾ ನಟಿ ಸಮಂತಾ ಮಯೋಸೈಟಿಸ್ ಅನ್ನೂ ಸ್ನಾಯು ರೋಗ ಐತಿ ಅಂತ ಹೇಳಿ, ಕೈಗೆ ಡ್ರಿಪ್ ಹಾಕ್ಕೊಂಡು ಮೈಕ್ ಮುಂದ ಕುಂತ ಫೋಟೋ ಹಾಕಿದಾಗ ನಾವೆಲ್ಲ ‘ಏನ್ ಡೆಡಿಕೇಶನ್’ ಅಂದ್ವಿ, ಮಲ್ಕೋ ತಂಗಿ ಅನ್ಲಿಲ್ಲ (ನಾನೂ ಲೈಕ್ ಒತ್ತಿದ್ದೆ).

ಕಲಾವಿದ್ರಿಗೆ ಸರ್ಕಾರ ಕೊಡೂ ಮಾಸಾಶನಕ್ಕ ವಯಸ್ಸು 58 ಆಗ್ಬೇಕು, ಕಾಕಾಗ ಇನ್ನೂ 54. ಚಾ ಕುಡ್ಯೂಣ ಬರ್ರಿ ಅಂದೆ, “ಸಕ್ಕರಿ ಬ್ಯಾಡ ಅಂದಾರೋ ತಮ್ಮಾ” ಅಂತ ಥೇಟ್ ಸ್ಟೇಜಿನ ದನಿಯಾಗ ಅಂದ್ರು, ಬಾಜೂಕಿದ್ದ ಕಂಡಕ್ಟರ್ ನಕ್ಕ.