ಮಗಳ ಒಂದು ದಿನದ ಊಟದ ಲೆಕ್ಕ

ಒಂದೂವರೆ ವರ್ಷದ ಮಗಳು ಏನೂ ತಿನ್ನುವುದಿಲ್ಲ ಎಂಬ ದೂರನ್ನು ಹೊತ್ತು ಮಕ್ಕಳ ವೈದ್ಯರ ಬಳಿಗೆ ಹೋದಾಗ, ಅವರು ಯಾವ ಟಾನಿಕ್ಕನ್ನೂ ಬರೆದುಕೊಡಲಿಲ್ಲ. ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಅವಳ ಬಾಯಿಗೆ ಹೋದದ್ದನ್ನೆಲ್ಲ ಒಂದು ದಿನ ಬರೆದಿಡಿ ಎಂದಷ್ಟೇ ಹೇಳಿದರು. ತೂಕದ ನಕ್ಷೆಯಲ್ಲಿ ಅವಳ ಗೆರೆ ತನ್ನ ಜಾಡು ಬಿಟ್ಟಿರಲಿಲ್ಲ. ಮೊದಲ ವರ್ಷದಲ್ಲಿ ಹುಟ್ಟಿದಾಗಿನ ತೂಕದ ಸುಮಾರು ಮೂರು ಪಟ್ಟಾಗುವ ಮಗು, ಎರಡನೆಯ ವರ್ಷದಲ್ಲಿ 2ರಿಂದ 2.5 ಕಿಲೋದಷ್ಟು ಮಾತ್ರ ತೂಕ ಪಡೆಯುವುದರಿಂದ, ಈ ವಯಸ್ಸಿನಲ್ಲಿ ಹಸಿವು ತಗ್ಗುವುದು ಸಹಜವೇ ಆಗಿದೆ. ಆದರೂ ತುಂಬಿದ ತಟ್ಟೆ ಹಾಗೆಯೇ ಹಿಂದಿರುಗಿದಾಗ ಈ ತಿಳಿವಳಿಕೆ ಯಾವ ತಾಯಿತಂದೆಗೂ ಸಮಾಧಾನ ಕೊಡುವುದಿಲ್ಲ.

ರಜೆಯಿದ್ದ ಒಂದು ದಿನ ಆ ಕೆಲಸವನ್ನು ನಾನು ವಹಿಸಿಕೊಂಡೆ. ಬೆಳಗ್ಗೆ ಬೇಯಿಸಿದ ಅರ್ಧ ಮೊಟ್ಟೆಯನ್ನು ಕೊಟ್ಟಾಗ, ಅವಳು ಹಳದಿ ಭಾಗವನ್ನು ಹೆಬ್ಬೆರಳಿನಿಂದ ಒತ್ತಿ ಪುಡಿ ಮಾಡಿ, ಒಂದು ಚೂರನ್ನು ಬಾಯಿಗಿಟ್ಟು, ಇನ್ನೊಂದನ್ನು ನೀರಿನ ಲೋಟಕ್ಕೆ ಹಾಕಿ, ಅದು ಕದಡುವುದನ್ನು ಬಹಳ ಹೊತ್ತು ನೋಡಿದಳು. ಕೊನೆಗೆ ಹೊಟ್ಟೆಗೆ ಸೇರಿದ್ದು ಕಾಲು ಮೊಟ್ಟೆ. ಮಧ್ಯಾಹ್ನ ಅನ್ನ, ಬೆಂದ ಕಾಳು, ಮೆತ್ತಗೆ ಬೇಯಿಸಿದ ಕ್ಯಾರೆಟ್ ಇದ್ದವು. ಮೂರು ತುತ್ತಿನ ನಂತರ ತುಟಿ ಬಿಗಿದು ಮುಖ ತಿರುಗಿಸಿದಳು. ಅಂಥ ಹೊತ್ತಿನಲ್ಲಿ ಮೊಬೈಲ್ ತೋರಿಸಿದರೆ ಇನ್ನೂ ನಾಲ್ಕು ತುತ್ತು ಒಳಗೆ ಹೋಗುತ್ತದೆ ಎಂಬುದು ನಿಜ. ಆದರೆ ಹೊಟ್ಟೆ ತುಂಬಿತು ಎಂದು ದೇಹ ಹೇಳುವ ಮಾತನ್ನು ಮಗು ಕೇಳಿಸಿಕೊಳ್ಳದಂತೆ ಮಾಡುವ ಉಪಾಯವದು ಎಂದು ನನಗೆ ತೋರುತ್ತದೆ. ಹಾಗಾಗಿ ಏನೂ ಹೇಳದೆ ತಟ್ಟೆಯನ್ನು ತೆಗೆದಿಟ್ಟೆ. ನಾಲ್ಕು ಗಂಟೆಗೆ ಅದೇ ಕಾಳು, ಅದೇ ಕ್ಯಾರೆಟ್ಟನ್ನು ಮತ್ತೆ ಮುಂದಿಟ್ಟಾಗ, ಎರಡೂ ಕೈಯಿಂದ ಬಾಚಿಕೊಂಡು ತಿಂದು ಇನ್ನಷ್ಟು ಬೇಕೆಂದು ಕೈಚಾಚಿದಳು. ಆಮೇಲೆ ಒಂದು ಬಾಳೆಹಣ್ಣೂ ಮುಗಿಯಿತು.

ಅಮೆರಿಕದ ವೈದ್ಯೆ ಕ್ಲಾರಾ ಡೇವಿಸ್ 1928ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಆಗಷ್ಟೇ ಎದೆಹಾಲು ಬಿಟ್ಟ ಶಿಶುಗಳಿಗೆ ತಮ್ಮ ಆಹಾರವನ್ನು ತಾವೇ ಆರಿಸಿಕೊಳ್ಳಲು ಬಿಡಲಾಗಿತ್ತು. ಹೊತ್ತುಹೊತ್ತಿಗೆ ಅವರ ಊಟ ವಿಚಿತ್ರವಾಗಿದ್ದರೂ ಮಕ್ಕಳು ಚೆನ್ನಾಗಿಯೇ ಬೆಳೆದರು. ಇದನ್ನು ಉದಾಹರಿಸುವವರು ಸಾಮಾನ್ಯವಾಗಿ ಮರೆಯುವ ಸಂಗತಿಯೆಂದರೆ, ಅವರ ಮುಂದಿಟ್ಟದ್ದೆಲ್ಲ ಸಕ್ಕರೆ ಬೆರೆಸದ, ಸರಳವಾದ ಆಹಾರವೇ ಆಗಿತ್ತು. ಎಷ್ಟು ತಿನ್ನಬೇಕೆಂಬುದು ಮಗುವಿಗೆ ಬಿಟ್ಟದ್ದು. ಏನನ್ನು, ಯಾವಾಗ ಇಡಬೇಕೆಂಬುದು ದೊಡ್ಡವರ ಹೊಣೆ.

ರಾತ್ರಿ ಬರೆದದ್ದನ್ನು ಓದಿದಾಗ, ಘನ ಆಹಾರ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚೇ ಇತ್ತು. ಕಣ್ಣಿಗೆ ಬಿದ್ದದ್ದು ಹಾಲು. ಎದ್ದ ಕೂಡಲೇ ಒಂದು ಲೋಟ, ಊಟಕ್ಕೆ ಸ್ವಲ್ಪ ಮುಂಚೆ ಒಂದು, ಮಲಗುವಾಗ ಒಂದು. ಒಟ್ಟು 600 ಮಿಲಿಲೀಟರಿಗೆ ಹತ್ತಿರ. ಈ ವಯಸ್ಸಿಗೆ ದಿನಕ್ಕೆ 400ರಿಂದ 500 ಮಿಲಿಲೀಟರ್ ಸಾಕು. ಹೆಚ್ಚಾದ ಹಾಲು ಪುಟ್ಟ ಹೊಟ್ಟೆಯನ್ನು ತುಂಬಿಸುವುದಲ್ಲದೆ, ತನ್ನಲ್ಲಿ ಕಬ್ಬಿಣಾಂಶ ಬಹಳ ಕಡಿಮೆಯಿರುವುದರಿಂದ ಹಾಗೂ ಅದರ ಕ್ಯಾಲ್ಸಿಯಂ ಬೇರೆ ಆಹಾರದ ಕಬ್ಬಿಣವನ್ನೂ ಸರಿಯಾಗಿ ಹೀರಿಕೊಳ್ಳಲು ಬಿಡದಿರುವುದರಿಂದ, ರಕ್ತಹೀನತೆಗೆ ದಾರಿ ಮಾಡುತ್ತದೆ. ಅಮೆರಿಕದ ಮಾನದಂಡದಂತೆ ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 7 ಮಿಲಿಗ್ರಾಂ ಕಬ್ಬಿಣ ಬೇಕು. ವಯಸ್ಕ ಗಂಡಸಿಗೆ ಬೇಕಾದದ್ದು 8.

ಪಟ್ಟಿ ನೋಡಿದ ವೈದ್ಯರು, ಊಟಕ್ಕೆ ಮುಂಚಿನ ಲೋಟವನ್ನು ನಿಲ್ಲಿಸಿ, ಕಾಳಿಗೆ ನಾಲ್ಕು ಹನಿ ನಿಂಬೆರಸ ಹಿಂಡಲು ಹೇಳಿದರು. ಸಿ ಜೀವಸತ್ವವಿದ್ದರೆ ಕಾಳಿನ ಕಬ್ಬಿಣ ಮೈಗೆ ಹೆಚ್ಚು ಹತ್ತುತ್ತದೆ. ಮಧ್ಯಾಹ್ನದ ಊಟ ಈಗಲೂ ಹೆಚ್ಚೇನೂ ಸಾಗುವುದಿಲ್ಲ. ಅಜ್ಜಿಗೆ ಹಾಲು ಕಡಿಮೆ ಮಾಡಿದ್ದು ಒಪ್ಪಿಗೆಯಾಗಿಲ್ಲ. ಅವರಿಗಾಗಿ ಸಂಜೆಯ ತಟ್ಟೆಯನ್ನು ತೊಳೆಯುವ ಮೊದಲು ತೋರಿಸುತ್ತಿದ್ದೇನೆ.